ಮೈಲಾರದಲ್ಲಿ ಒಂದೇ ಟೇಕ್

ನಿಮ್ಮ ಕೈಯಲ್ಲೊಂದು ಕೋಲಿದೆ. ಮಡಚಿದರೆ ಮಾರುದ್ದ, ಎಳೆದರೆ ಎರಡಾಳುದ್ದ. ತುದಿಯಲ್ಲಿ ಮೈಕು. ಮೈಕಿಗೆ ಗಾಳಿ ತಾಗದಂತೆ ತೊಡಿಸಿದ ಬೂದು ತುಪ್ಪಳದ ಗವಸು. ಸಿನಿಮಾದವರು ಇದನ್ನು ಬೂಮ್ ಅನ್ನುತ್ತಾರೆ. ಹೊಳಲು ದಾಟಿ ಮೈಲಾರಕ್ಕೆ ಹೊರಟ ಬಂಡಿ, ಟ್ರ್ಯಾಕ್ಟರುಗಳ ಸಾಲಿನ ಪಕ್ಕದಲ್ಲಿ ಅದನ್ನು ಹೆಗಲಿಗೊರಗಿಸಿಕೊಂಡು ನಡೆಯುತ್ತಿದ್ದೀರಿ. ಅಜ್ಜಿಯೊಬ್ಬಳು ಅಡ್ಡ ನಿಂತು ಕೇಳುತ್ತಾಳೆ.

"ಯಾವ ದೇವ್ರ ಕೋಲು ತಮ್ಮಾ ಇದು?"

"ದೇವ್ರ ಕೋಲಲ್ಲಬೇ, ಮೈಕು..."

ನಿಮ್ಮ ಮಾತು ಮುಗಿಯುವಷ್ಟರಲ್ಲಿ ಆಕೆ ಸೊಂಟದ ಸಂಚಿಯಿಂದ ಭಂಡಾರ ತೆಗೆದು ತುಪ್ಪಳಕ್ಕೆ ಎರಚಿ, ಬೆರಳು ಕಣ್ಣಿಗೊತ್ತಿಕೊಂಡು, "ಏಳು ಕೋಟಿ" ಅಂದು ಹೋಗಿಯೇಬಿಟ್ಟಳು. ಹಿಂದೆ ಬರುತ್ತಿದ್ದ ಸೌಂಡ್ ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ಅರಿಸಿನದ ಪುಡಿ ಮೈಕಿನೊಳಗೆ ಇಳಿದರೆ ಈ ಪ್ರಯಾಣವೇ ವ್ಯರ್ಥ. ಆದರೆ ಭಂಡಾರವನ್ನು ಊದಿ ಹಾರಿಸುವುದು ಹೇಗೆ, ಅದೂ ಇಲ್ಲಿ, ಇಷ್ಟು ಜನರ ಕಣ್ಣೆದುರು? ಹಾಗೇ ಇರಲಿ ಅನ್ನುತ್ತಾಳೆ. ಇನ್ನು ಸಂಜೆವರೆಗೆ ನಿಮ್ಮದು ಹಳದಿ ಕೋಲು. ದಾರಿಯುದ್ದಕ್ಕೂ ಹತ್ತಾರು ಕೈ ಅದನ್ನು ಮುಟ್ಟಿ ನಮಸ್ಕರಿಸುತ್ತವೆ.

2023ರ ಫೆಬ್ರುವರಿ 7. ಭಾರತ ಹುಣ್ಣಿಮೆ ಕಳೆದು ಎರಡನೇ ದಿನ. ಎರಡು ವರ್ಷದ ಹಿಂದೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆ, ಹೂವಿನಹಡಗಲಿ ತಾಲ್ಲೂಕು, ತುಂಗಭದ್ರೆಯ ದಂಡೆ. ಹೊಳೆಯಾಚೆ ಹಾವೇರಿ ಸೀಮೆ. ಇವತ್ತು ಸಂಜೆ ಡೆಂಕನಮರಡಿಯಲ್ಲಿ ಮೈಲಾರನ ಸೇವಕ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯದ ಒಂದು ಸಾಲು, ನುಡಿಯುತ್ತಾರೆ. ನೀವು ನಾಲ್ಕು ಜನ ಅದನ್ನು ಚಿತ್ರೀಕರಿಸಲು ಬಂದಿದ್ದೀರಿ. ನಿರ್ದೇಶಕಿ, ಹರಪನಹಳ್ಳಿಯ ಕ್ಯಾಮೆರಾ ಅಣ್ಣ, ಕೊಟ್ಟೂರಿನ ಸೌಂಡ್ ಅಕ್ಕ, ಕಡೇ ಆಳು ನೀವು. ಪಿಚ್ಚರ್ ಮುಗಿದು ಜನ ಚಪ್ಪಲಿ ಹುಡುಕುತ್ತ ಗೇಟಿನ ಹತ್ತಿರ ಹೋದ ಮೇಲೆ ಪರದೆ ಮೇಲೆ ಸಣ್ಣ ಅಕ್ಷರದಲ್ಲಿ ಹರಿದು ಹೋಗುತ್ತದಲ್ಲ, ಆ ಪಟ್ಟಿಯಲ್ಲಿ ನಿಮ್ಮ ಹೆಸರು.

ಮಂಡಕ್ಕಿ ಅಂಗಡಿಯ ಬೆಂಚಿನಲ್ಲಿ ಕೂತಾಗ ಜಗಳ ಶುರುವಾಗುತ್ತದೆ. ಮಿರ್ಚಿ ಇನ್ನೂ ಎಣ್ಣೆಯಲ್ಲಿದೆ. ಕ್ಯಾಮೆರಾ ಅಣ್ಣನಿಗೆ ಇದು ಮಾಸ್ ಸಿನಿಮಾ. ಕೆಳಗಿನಿಂದ ಮೇಲಕ್ಕೆ ಆ್ಯಂಗಲ್ ಇಡಬೇಕು, ಬಿಲ್ಲನ್ನೇರುವುದು ಸ್ಲೋ ಮೋಷನ್‌ನಲ್ಲಿ ಬರಬೇಕು, ಹಿಂದೆ ಡೊಳ್ಳು ಬೀಳಬೇಕು. ಶಿವರಾಜ್‌ಕುಮಾರ್ 2010ರಲ್ಲಿ 'ಮೈಲಾರಿ' ಅಂತ ಪಿಚ್ಚರ್ ಮಾಡಿದಾಗ ಹೆಸರಿನಲ್ಲೇ ಅರ್ಧ ಗೆದ್ದಿದ್ದರು ಅನ್ನುವುದು ಅವನ ವಾದ. "ನಮ್ಮದು ಸಾಕ್ಷ್ಯಚಿತ್ರ ಕಣೋ, ಇದ್ದದ್ದು ಇದ್ದ ಹಾಗೆ" ಎಂದು ನಿರ್ದೇಶಕಿ. ಸೌಂಡ್ ಅಕ್ಕನ ಪ್ರಕಾರ ಇದು ಪೌರಾಣಿಕ. ಮಣಿಕಾಸುರ ಮಲ್ಲಾಸುರರನ್ನು ಕೊಲ್ಲಲು ಶಿವನೇ ಏಳು ಕೋಟಿ ಸೈನ್ಯ ಕಟ್ಟಿಕೊಂಡು ಮೈಲಾರನಾಗಿ ಬಂದನೆಂಬ ಕತೆಯ ಮೇಲೆ ಇಡೀ ಜಾತ್ರೆ ನಿಂತಿರುವಾಗ ಬೇರೆ ಏನು ಹೇಳುವುದು?

ಎದುರು ಬೆಂಚಿನ ಟ್ರ್ಯಾಕ್ಟರ್ ಡ್ರೈವರ್ ಇಷ್ಟು ಹೊತ್ತು ಕೇಳಿಸಿಕೊಂಡವನು ಮಂಡಕ್ಕಿ ತಟ್ಟೆ ಕೆಳಗಿಡುತ್ತಾನೆ.

"ಸಸ್ಪೆನ್ಸ್ ಪಿಚ್ಚರ್ ರೀ ಇದು. ವರ್ಸಕ್ಕೊಂದು ಸಾಲು ಬಿಡ್ತಾನ. ಉಳಿದದ್ದು ನೀವ ತಿಳ್ಕಾಬೇಕು."

ನಿರ್ದೇಶಕಿ ನಗುತ್ತಾಳೆ. ಆದರೆ ಚೀಟಿಯೊಂದನ್ನು ತೆಗೆದು ಅದನ್ನು ಬರೆದುಕೊಂಡದ್ದನ್ನು ನೀವು ನೋಡಿದಿರಿ. ಸಿನಿಮಾದ ಪ್ರಕಾರಗಳ ಬಗ್ಗೆ ಪುಸ್ತಕಗಳಲ್ಲಿ ಏನೇ ಇರಲಿ, ಈ ಸೀಮೆಯ ಟೆಂಟುಗಳಲ್ಲಿ ಅವು ಇದ್ದದ್ದು ದೇವ್ರ ಪಿಚ್ಚರ್, ಅಳೋ ಪಿಚ್ಚರ್, ಫೈಟಿಂಗ್ ಪಿಚ್ಚರ್ ಎಂದು. ನೋಡುವವನಿಗೆ ಏನಾಗುತ್ತದೆ ಅನ್ನುವುದೇ ಅಲ್ಲಿ ಲೆಕ್ಕ. 1954ರ 'ಬೇಡರ ಕಣ್ಣಪ್ಪ' ದೇವ್ರ ಪಿಚ್ಚರೂ ಹೌದು, ಕಣ್ಣು ಕೀಳುವ ಹೊತ್ತಿಗೆ ಅಳೋ ಪಿಚ್ಚರೂ ಹೌದು. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಬಿಸಿಲು ನೆತ್ತಿಗೆ ಬಂದಿದೆ. ಹೊಳೆಯಲ್ಲಿ ಮಿಂದು ಬಂದವರ ಒದ್ದೆ ಬಟ್ಟೆ ಬಂಡಿಗಳ ಮೇಲೆ ಒಣಗುತ್ತಿವೆ. ಕರಿ ಕಂಬಳಿಯ ನಿಲುವಂಗಿ ತೊಟ್ಟ ಗೊರವರು ಢಮರುಗ ಬಾರಿಸುತ್ತ ಸಾಗುತ್ತಾರೆ. ಒಂದು ಕಡೆ ದೋಣಿ ಸೇವೆ ನಡೆದಿದೆ. ಮರದ ದೋಣಿಗೆ ಸುರಿದ ಹಾಲು, ಬಾಳೆಹಣ್ಣಿಗೆ ಗೊರವರು ಮಂಡಿಯೂರಿ ಬಾಯಿ ಹಾಕುತ್ತಾರೆ. ದೇವರ ನಾಯಿಗಳು ತಾವೆಂಬ ಭಾವ ಅವರದು. ಕ್ಯಾಮೆರಾ ಅಣ್ಣ ಲೆನ್ಸ್ ಎತ್ತಿ ಮತ್ತೆ ಇಳಿಸುತ್ತಾನೆ. ಹತ್ತಿರದಿಂದ ತೆಗೆದರೆ ನೋಡುವವರಿಗೆ ಅದು ಬರೀ ವಿಚಿತ್ರವಾಗಿ ಕಾಣುತ್ತದೆ, ದೂರದಿಂದ ತೆಗೆದರೆ ಸುತ್ತ ಕೈ ಮುಗಿದು ನಿಂತವರೂ ಚೌಕಟ್ಟಿಗೆ ಬರುತ್ತಾರೆ. ಅವನು ಹತ್ತು ಹೆಜ್ಜೆ ಹಿಂದೆ ಸರಿಯುತ್ತಾನೆ. ಬೆಳಗ್ಗೆ ಸ್ಲೋ ಮೋಷನ್‌ಗೆ ಜಗಳವಾಡಿದವನು ಇವನೇ. ಕ್ಯಾಮೆರಾದವನ ವಿವೇಕ ಬಾಯಲ್ಲಿರುವುದಿಲ್ಲ, ಕಾಲಲ್ಲಿರುತ್ತದೆ.

ಮರಡಿಗೆ ಬಂದ ಮೇಲೆ ಅವನಿಗೆ ಬೆಳಕಿನ ಚಿಂತೆ. ಸೂರ್ಯ ಯಾವ ಕಡೆ ಇಳಿಯುತ್ತಾನೆ, ಬಿಲ್ಲು ಎಲ್ಲಿ ನಿಲ್ಲುತ್ತದೆ, ಧೂಳು ಎಷ್ಟು ಏಳುತ್ತದೆ? ಮೈಸೂರಿನ ವಿ.ಕೆ. ಮೂರ್ತಿಯವರ ಮಾತು ಬರುತ್ತದೆ. 1959ರ 'ಕಾಗಜ್ ಕೇ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲಿಗೆ ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಹಾಯಿಸಿ ಒಂದು ಕೋಲು ಬೆಳಕು ನಿಲ್ಲಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. "ಅವರಿಗೆ ಸೂರ್ಯನ್ನ ಒಳಗ ತರೋ ಚಿಂತಿ. ನನಗ ಸೂರ್ಯ ಹೋಗದಂಗ ಹಿಡಿಯೋ ಚಿಂತಿ" ಅನ್ನುತ್ತಾನೆ ಅಣ್ಣ. ಕಾರ್ಣಿಕ ಹತ್ತು ನಿಮಿಷ ತಡವಾದರೆ ಬೆಳಕು ಅಷ್ಟರಮಟ್ಟಿಗೆ ಇಳಿದಿರುತ್ತದೆ. ಇಲ್ಲಿ ಗೊರವಯ್ಯನಿಗೆ "ಒಂದು ನಿಮಿಷ ತಡೀರಿ" ಅನ್ನುವ ಅಸಿಸ್ಟೆಂಟ್ ಡೈರೆಕ್ಟರ್ ಇನ್ನೂ ಹುಟ್ಟಿಲ್ಲ.

ಸೌಂಡ್ ಅಕ್ಕನ ಸಂಕಟ ಬೇರೆ. ಅವಳು ನೆಲದ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ರೆಕಾರ್ಡರಿನ ಮುಳ್ಳನ್ನು ನೋಡುತ್ತಿದ್ದಾಳೆ. ಸುತ್ತ "ಏಳು ಕೋಟಿ ಏಳು ಕೋಟಿ"ಯ ಮೊಳಗು. ಇದಕ್ಕೆ ತಕ್ಕಂತೆ ಮಟ್ಟ ಇಳಿಸಿಟ್ಟರೆ, ಆಮೇಲೆ ಬರುವ ಒಂಟಿ ದನಿ ನೆಲಕಚ್ಚುತ್ತದೆ. ಒಂಟಿ ದನಿಗೆ ಏರಿಸಿಟ್ಟರೆ, ಮೊಳಗು ಒಡೆದು ಗರಗರ ಅನ್ನುತ್ತದೆ. ಕೊನೆಗೆ ಎರಡು ಟ್ರ್ಯಾಕಿನಲ್ಲಿ ಎರಡು ಮಟ್ಟ ಇಡುತ್ತಾಳೆ.

ಕೊಟ್ಟೂರಿನವಳಾದ್ದರಿಂದ ಅವಳಿಗೆ ಸಿನಿಮಾ ಎಂದರೆ ಮೊದಲು ನೆನಪಾಗುವುದು 'ಕೊಟ್ರೇಶಿ ಕನಸು'. ಕೊಟ್ಟೂರಿನಲ್ಲೇ ಹುಟ್ಟಿದ ಕುಂ. ವೀರಭದ್ರಪ್ಪನವರ ಕತೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಕೊಟ್ರೇಶಿಯಾದ ವಿಜಯ ರಾಘವೇಂದ್ರನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. "ನಮ್ಮ ಕ್ಲಾಸಿನಾಗ ಐದು ಜನ ಕೊಟ್ರೇಶಿ ಇದ್ರು. ಐದೂ ಜನ ತಮ್ಮ ಮ್ಯಾಲೇ ಪಿಚ್ಚರ್ ತೆಗದಾರ ಅಂತ ತಿರುಗಾಡಿದ್ರು" ಅನ್ನುತ್ತಾಳೆ. ಅವಳು ಮಾತ್ರ ಹುಡುಗನ ಮುಖ ನೋಡುತ್ತ ಕೂರದೆ, ಆ ಊರಿನ ಮಾತು ತೆರೆಯ ಮೇಲೆ ನಮ್ಮೂರ ಮಾತಿನ ಹಾಗೆ ಕೇಳುತ್ತದೆಯೇ ಇಲ್ಲವೇ ಎಂದು ಕಿವಿಗೊಟ್ಟವಳು.

ಕಾಯುವ ಹೊತ್ತು ಬಹಳ. ಅಕ್ಕ ಪಾಠ ಹೇಳುತ್ತಾಳೆ. ಕನ್ನಡ ಸಿನಿಮಾ ಮಾತು ಕಲಿತದ್ದು 1934ರ ಮಾರ್ಚ್ 3ರಂದು, 'ಸತಿ ಸುಲೋಚನಾ' ತೆರೆಗೆ ಬಂದ ದಿನ. ವೈ.ವಿ. ರಾವ್ ನಿರ್ದೇಶನ, ಕೊಲ್ಹಾಪುರದ ಸ್ಟುಡಿಯೋ. ನಟರು ನಾಟಕ ಕಂಪನಿಯವರು, ಕಡೇ ಸಾಲಿನ ನೆಲದ ಮೇಲೆ ಕೂತವನಿಗೂ ಮೈಕಿಲ್ಲದೆ ಮಾತು ಮುಟ್ಟಿಸಿ ರೂಢಿಯಾದ ಗಂಟಲು. ನಟ ಮಾತಾಡಿದ ಗಳಿಗೆಯ ಸದ್ದೇ ಪರದೆಗೆ ಹೋಗುತ್ತಿತ್ತು. ಮುಂದೆ ಡಬ್ಬಿಂಗ್ ಬಂತು. ಹೊಲದಲ್ಲಿ ಬೆವರು ಸುರಿಸುತ್ತ ಆಡಿದ ಮಾತನ್ನು ತಿಂಗಳಾದ ಮೇಲೆ ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ತುಟಿ ನೋಡಿಕೊಂಡು ಮತ್ತೆ ಆಡುವ ಪದ್ಧತಿ. 2016ರಲ್ಲಿ ನಮ್ಮ ಥಿಯೇಟರುಗಳಿಗೆ ಬಂದ ರಾಮ್ ರೆಡ್ಡಿಯವರ 'ತಿಥಿ' ಸ್ಥಳದ ಸದ್ದಿಗೇ ಮರಳಿತು. ಎಂದೂ ಕ್ಯಾಮೆರಾ ಕಾಣದ ಮಂಡ್ಯ ಸೀಮೆಯ ಗಡ್ಡಪ್ಪ, ಸೆಂಚುರಿ ಗೌಡರನ್ನು ಸ್ಟುಡಿಯೋದಲ್ಲಿ ಕೂರಿಸಿ ಅದೇ ಮಾತನ್ನು ಮತ್ತೆ ಆಡಿಸಿದ್ದರೆ ಆ ಪಿಚ್ಚರ್ ಸತ್ತೇಹೋಗುತ್ತಿತ್ತು ಎಂಬುದು ಅಕ್ಕನ ತೀರ್ಪು. ನನಗೂ ಹಾಗೇ ಅನ್ನಿಸುತ್ತದೆ.

"ಇನ್ನೊಂದು ತಿಳ್ಕೋ. ಶೂಟಿಂಗ್ ಮುಗಿದ ಮ್ಯಾಲೆ ನಾವು ಆ ಜಾಗದ ಮೌನಾನೂ ಅರ್ಧ ನಿಮಿಷ ರೆಕಾರ್ಡ್ ಮಾಡ್ಕೋತೀವಿ."

ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಪ್ರತಿ ಜಾಗಕ್ಕೂ ಅದರದೇ ಮೌನ ಇರುತ್ತದೆ. ಎಡಿಟಿಂಗ್ ಮಾಡುವಾಗ ಮಾತು ಮಾತಿನ ನಡುವೆ ಅದನ್ನು ತುಂಬದಿದ್ದರೆ ಕಿವಿಗೆ ಗುಂಡಿ ಬಿದ್ದ ಹಾಗಾಗುತ್ತದೆ. ಸೆಟ್ಟಿನಲ್ಲಿ ನಲವತ್ತು ಜನರನ್ನು ಅರ್ಧ ನಿಮಿಷ ಸುಮ್ಮನಿರಿಸುವುದು ಸೌಂಡಿನವರ ಪಾಲಿಗೆ ದಿನನಿತ್ಯದ ಯುದ್ಧ. ಲೈಟ್ ಬಾಯ್ ಕೆಮ್ಮುತ್ತಾನೆ, ನಿರ್ಮಾಪಕರ ಫೋನು ಬಡಿದುಕೊಳ್ಳುತ್ತದೆ, ಅಡಿಗೆಯವನ ಸಾರು ಕುದಿಯುತ್ತದೆ. "ಸೈಲೆನ್ಸ್! ಸೈಲೆನ್ಸ್!" ಎಂದು ಕಿರುಚಿ ಅಸಿಸ್ಟೆಂಟಿನ ಗಂಟಲೇ ಹರಿಯುತ್ತದೆ.

ಈಗ ಏಳಿ. ಜನ ಎದ್ದರು.

ಕುದುರೆಯ ಮೇಲೆ ದೇವಸ್ಥಾನದ ಒಡೆಯರು ಬಂದರೆಂದು ಯಾರೋ ಕೂಗುತ್ತಾರೆ. ನಿಮಗೆ ಕಾಣುವುದು ಜನರ ತಲೆಗಳ ಮೇಲೆ ಜಿಗಿಯುವ ಒಂದು ಪೇಟ ಮಾತ್ರ. ಭಂಡಾರ ಗಾಳಿಗೆ ಏಳುತ್ತದೆ, ಇಳಿಬಿಸಿಲಿಗೆ ಇಡೀ ಮರಡಿಯೇ ಹಳದಿಯಾಗುತ್ತದೆ. ನಿರ್ದೇಶಕಿ ಕ್ಯಾಮೆರಾ ಅಣ್ಣನ ಕಿವಿಯಲ್ಲಿ ಏನೋ ಹೇಳಿ, ತಾನು ಸಣ್ಣ ಎರಡನೇ ಕ್ಯಾಮೆರಾ ಹಿಡಿದು ಬಿಲ್ಲಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ಇಷ್ಟು ದೂರದಿಂದ ಬಂದು ಬೆನ್ನು ಹಾಕುವುದೇ? ಅವಳ ಲೆನ್ಸ್ ಇರುವುದು ಜನರ ಮುಖದ ಕಡೆಗೆ. ನಿರ್ದೇಶನವೆಂದರೆ ಇಷ್ಟೇ ಇರಬೇಕು. ಲಕ್ಷಾಂತರ ಕಣ್ಣು ಒಂದೇ ಕಡೆ ತಿರುಗಿದಾಗ, ತಾನು ಯಾವ ಕಡೆ ನೋಡಬೇಕೆಂದು ತೀರ್ಮಾನಿಸುವುದು.

ನೀವು ಕೋಲನ್ನು ಪೂರ್ತಿ ಎಳೆದು ಎರಡೂ ಕೈ ಎತ್ತಿ ಹಿಡಿಯುತ್ತೀರಿ. ತೋಳು ಸೋಲುತ್ತದೆ. ಹೆಡ್‌ಫೋನಿನ ಇನ್ನೊಂದು ಜೋಡಿ ನಿಮ್ಮ ಕಿವಿಗಿದೆ. ಅದರೊಳಗೆ ಲೋಕ ಬೇರೆಯೇ. ಪಕ್ಕದವನ ಉಸಿರು, ಎಲ್ಲೋ ಎತ್ತಿನ ಕೊರಳಗಂಟೆ, ಢಮರುಗ, ಒಂದು ಮಗುವಿನ ಅಳು, ಎಲ್ಲದರ ಮೇಲೆ ಅಲೆಯಲೆಯಾಗಿ "ಏಳು ಕೋಟಿ".

ಬಿಲ್ಲು ನೆಟ್ಟಗೆ ನಿಲ್ಲುತ್ತದೆ. ಎರಡಾಳಿಗೂ ಮೀರಿದ ಎತ್ತರ. ಕೆಳಗೆ ಹತ್ತಾರು ಕೈ ಅದನ್ನು ಹಿಡಿದಿವೆ. ಹನ್ನೊಂದು ದಿನ ಉಪವಾಸವಿದ್ದ ದೇಹ ಸರಸರ ಏರುತ್ತದೆ. ಇದನ್ನು ನಟನೆ ಅನ್ನಬೇಡಿ, ಆದರೆ ನಟರಾದವರು ಒಮ್ಮೆ ಬಂದು ನೋಡಲಿ. ಪಾತ್ರಕ್ಕಾಗಿ ತೂಕ ಇಳಿಸಿದೆ, ಗಡ್ಡ ಬಿಟ್ಟೆ ಎಂದು ಸಂದರ್ಶನ ಕೊಡುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ತುದಿ ಮುಟ್ಟಿದ ಗೊರವಯ್ಯ ಆಕಾಶ ನೋಡುತ್ತಾರೆ.

"ಸದ್ದಲೇ!"

ಮುಗಿಯಿತು. ಮೊಳಗು ಕತ್ತರಿಸಿದ ಹಾಗೆ ನಿಂತುಹೋಯಿತು. ಢಮರುಗ ನಿಂತಿತು. ಐಸ್‌ಕ್ಯಾಂಡಿಯವನ ಗಂಟೆ ನಿಂತಿತು. ನಿಮ್ಮ ಕಿವಿಯಲ್ಲಿ ತುಪ್ಪಳಕ್ಕೆ ಗಾಳಿ ಸವರುವ ಸದ್ದೊಂದೇ. ಓರೆಗಣ್ಣಿನಿಂದ ಅಕ್ಕನನ್ನು ನೋಡುತ್ತೀರಿ. ಅವಳು ಕಣ್ಣು ಮುಚ್ಚಿದ್ದಾಳೆ. ಲಕ್ಷಗಟ್ಟಲೆ ಜನ ಒಟ್ಟಿಗೆ ಕೊಟ್ಟ ರೂಮ್ ಟೋನ್ ಇದು. ಎತ್ತೂ ಕತ್ತು ಅಲುಗಿಸುವುದಿಲ್ಲ.

ಎಷ್ಟು ಹೊತ್ತು? ಆಮೇಲೆ ಲೆಕ್ಕ ಹಾಕಬಹುದು. ಸೆಕೆಂಡಿಗೆ 24 ಫ್ರೇಮು. ಈಗ ಲೆಕ್ಕವಿಲ್ಲ.

"ಅಂಬಲಿ ಹಳಸಿತು..." ಉಸಿರು. "...ಕಂಬಳಿ ಬೀಸಿತಲೇ ಪರಾಕ್!"

ಗೊರವಯ್ಯ ಕೈ ಬಿಟ್ಟರು. ಮೇಲಿನಿಂದ ಬಿದ್ದ ದೇಹ ಕೆಳಗೆ ಕಾದಿದ್ದ ಕೈಗಳ ನಡುವೆ ಮರೆಯಾಯಿತು. ಜನಸಾಗರ ಒಮ್ಮೆಲೇ ಉಕ್ಕಿತು. ನಿಮ್ಮ ಕೋಲಿಗೆ ಯಾರದೋ ಭುಜ ಬಡಿದು ಮೈಕು ಆಕಾಶಕ್ಕೆ ತಿರುಗಿತು.

ಆಗ ಶುರುವಾದದ್ದನ್ನು ನೀವು ನಿರೀಕ್ಷಿಸಿರಲಿಲ್ಲ. "ಏನಂದ? ಏನಂದ?" ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದಾರೆ. ಹತ್ತು ಮಾರು ಆಚೆ ನಿಂತವರಿಗೆ ಅರ್ಧ ಕೇಳಿದೆ, ಅದರಾಚೆಯವರಿಗೆ "ಪರಾಕ್" ಮಾತ್ರ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ನಿಮ್ಮ ಮೇಲೆ ಎಲ್ಲರ ಕಣ್ಣು ಬಿತ್ತು. ಬೆಳಗಿನಿಂದ ಲೆಕ್ಕಕ್ಕಿಲ್ಲದ ಕಡೇ ಆಳು ಈಗ ಗುಂಪಿನ ನಡುವಿನ ಹೀರೋ. ನೀವು ಹೇಳುತ್ತೀರಿ. ನಿಮ್ಮ ಬಾಯಿಂದ ಮುಂದಿನವನಿಗೆ, ಅವನಿಂದ ಬಂಡಿಯ ಮೇಲಿನವನಿಗೆ.

ಮತ್ತು ಅರ್ಥ ಹುಟ್ಟುತ್ತದೆ, ಬಾಯಿಗೊಂದು. ಹಿಂಗಾರಿ ಬೆಳೆ ಕೆಡುತ್ತೈತಿ, ಅಂಬಲಿ ಹಳಸಿತು ಅಂದ್ರ ಅದೇ. ಅಲ್ಲಲೇ, ಎಲೆಕ್ಷನ್ ಮೂರು ತಿಂಗಳೈತಿ, ಇದು ಸರ್ಕಾರದ ಮಾತು. ಕಂಬಳಿ ಅಂದ್ರ ಯಾರು ಗೊತ್ತಲ್ಲ? ಒಬ್ಬ ಕಣ್ಣು ಮಿಟುಕಿಸುತ್ತಾನೆ. ಮತ್ತೊಬ್ಬ ಮುದುಕ ತಲೆಯಾಡಿಸುತ್ತಾನೆ. ಬೀಸುವುದೆಂದರೆ ಹಾಸುವುದಲ್ಲ, ಗಾಳಿ ಬೀಸಿದಂಗ, ರೋಗ ರುಜಿನ ಇರಬೇಕು.

ನಿರ್ದೇಶಕಿ ಈ ಎಲ್ಲ ಮುಖಗಳನ್ನು ಹಿಡಿಯುತ್ತಲೇ ಇದ್ದಾಳೆ. ರಾತ್ರಿ ಹೊಳೆದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತಾಗ ಅವಳು ಹೇಳುತ್ತಾಳೆ. ನೂರು ವರ್ಷದ ಹಿಂದೆ ರಷ್ಯದಲ್ಲಿ ಕುಲೆಶೋವ್ ಎಂಬಾತ ಒಂದು ಆಟ ಹೂಡಿದ್ದ. ನಟನೊಬ್ಬನ ಭಾವವಿಲ್ಲದ ಮುಖ. ಅದರ ಪಕ್ಕದಲ್ಲಿ ಒಮ್ಮೆ ಸಾರಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ಮುಖ ಅದೇ. ನೋಡಿದವರು ಮಾತ್ರ ಮೊದಲ ಸಲ ಹಸಿವನ್ನು ಕಂಡರು, ಎರಡನೇ ಸಲ ದುಃಖವನ್ನು. ಎರಡು ಚಿತ್ರ ಒತ್ತಟ್ಟಿಗೆ ಇಟ್ಟರೆ ಮೂರನೆಯದನ್ನು ನೋಡುಗನೇ ಕಟ್ಟಿಕೊಳ್ಳುತ್ತಾನೆ. ಎಡಿಟಿಂಗ್ ಎಂಬ ಕಸುಬು ನಿಂತಿರುವುದೇ ಇದರ ಮೇಲೆ.

"ಇವತ್ತು ಗೊರವಯ್ಯ ಮಾಡಿದ್ದೂ ಅದೇ ಅಲ್ವಾ? ಅಂಬಲಿ ಒಂದು ಶಾಟು. ಕಂಬಳಿ ಒಂದು ಶಾಟು. ನಡುವೆ ಒಂದು ಕಟ್. ಆಮೇಲೆ ಬಿದ್ದುಬಿಟ್ಟರು, ವಿವರಿಸೋಕೆ ನಿಲ್ಲಲಿಲ್ಲ."

"ರಷ್ಯದಾಗ ಸಾರು, ನಮ್ಮಲ್ಲಿ ಅಂಬಲಿ" ಎಂದು ಅಣ್ಣ ರೊಟ್ಟಿ ಮುರಿಯುತ್ತಾನೆ. ಅವನ ಮುಖ ಇಳಿದಿದೆ. ಬೆಳಕು ಸಿಕ್ಕಿತ್ತು, ಫೋಕಸ್ ಸಿಕ್ಕಿತ್ತು, ಗೊರವಯ್ಯ ಬಾಯಿ ತೆರೆಯುವ ಗಳಿಗೆಗೆ ಸರಿಯಾಗಿ ಮುಂದಿದ್ದ ಯಾರೋ ಮೊಬೈಲ್ ಎತ್ತಿದ್ದ. ಮಾತಿನ ಅಷ್ಟೂ ಹೊತ್ತು ಚೌಕಟ್ಟಿನ ನಟ್ಟನಡುವೆ ಒಂದು ಕಪ್ಪು ಮೊಬೈಲಿನ ಬೆನ್ನು. ರೀಟೇಕ್ ಬೇಕಾದರೆ ಮುಂದಿನ ಭಾರತ ಹುಣ್ಣಿಮೆಗೆ ಬರಬೇಕು, ಆಗ ಮಾತೇ ಬೇರೆ ಇರುತ್ತದೆ. ಅಕ್ಕ ತುಪ್ಪಳದ ಗವಸನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಾಳೆ. ಹಳದಿ ಹೋಗುವುದಿಲ್ಲ. ಧ್ವನಿ ಮಾತ್ರ ಪೂರ್ತಿ ಇದೆ. ಪರದೆ ಕಪ್ಪಾಗಿಟ್ಟು ಬರೀ ದನಿ ಕೇಳಿಸಬಹುದೇ ಎಂದು ಅಣ್ಣ ಮೆಲ್ಲಗೆ ಕೇಳುತ್ತಾನೆ. ಅದೂ ಒಂದು ಕಟ್. ನಿರ್ದೇಶಕಿ ಉತ್ತರ ಕೊಡುವುದಿಲ್ಲ, "ಇನ್ನೊಂದ್ಸಲ ಹಾಕು" ಅನ್ನುತ್ತಾಳೆ. ಸದ್ದಲೇ. ಆಮೇಲೆ ಆ ಮೌನ. ಹೊಳೆಯ ಕತ್ತಲಲ್ಲಿ ಸಂಜೆಯ ಮರಡಿ ಮತ್ತೆ ಉಸಿರು ಬಿಗಿಹಿಡಿಯುತ್ತದೆ.

ಬೆಳಗ್ಗೆ ಹೊಳಲಿನ ಹತ್ತಿರ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ. ಟ್ರೇಲರ್ ತುಂಬ ಜನ. ಕಾರ್ಣಿಕಕ್ಕೆ ಆಗಲಿಲ್ಲ, ಗೊರವರು ಸರಪಳಿ ಹರಿಯುವ ಪವಾಡದ ಹೊತ್ತಿಗಾದರೂ ಮುಟ್ಟೋಣವೆಂದು ಹೊರಟವರು. ನಿಮ್ಮ ಹಳದಿ ಕೋಲು ನೋಡಿ ಡ್ರೈವರ್ ನಿಲ್ಲಿಸುತ್ತಾನೆ.

"ಪಿಚ್ಚರ್‌ನೋರೇನ್ರಿ? ಕಾರ್ಣಿಕ ಕೇಳೀರಿ?"

"ಕೇಳೀವಿ. ಸರ್ಕಾರ ಬದಲಾಗ್ತೈತಂತ" ಎಂದು ಅಣ್ಣ.

"ಹಂಗ ಅಂದಿಲ್ಲ" ಎಂದು ಅಕ್ಕ ತಡೆಯುತ್ತಾಳೆ. "ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್. ಇಷ್ಟ ಅಂದಿದ್ದು."

"ಅದು ರಾತ್ರೀನ ಮೊಬೈಲಿಗೆ ಬಂತ್ರಿ. ಆದ್ರ ಒಬ್ಬೊಬ್ರು ಒಂದೊಂದು ನಮೂನಿ ಕಳ್ಸ್ಯಾರ." ಆತ ಇಂಜಿನ್ ಆಫ್ ಮಾಡುತ್ತಾನೆ. ಟ್ರೇಲರಿನವರೆಲ್ಲ ಸುಮ್ಮನಾಗುತ್ತಾರೆ. "ಬೀಸಿತು ಅಂದ್ನೋ, ಬೀಸೀತು ಅಂದ್ನೋ?"

ನೀವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಒಂದು ಆಗಿಹೋದದ್ದು, ಇನ್ನೊಂದು ಆಗಬಹುದಾದದ್ದು. ನಡುವೆ ಇರುವುದು ಒಂದು ದೀರ್ಘ. ರಾತ್ರಿಯೆಲ್ಲ ಹತ್ತಾರು ಸಲ ಕೇಳಿದರೂ ಅದನ್ನು ಯಾರೂ ಗಮನಿಸಲಿಲ್ಲ.

ಸೌಂಡ್ ಅಕ್ಕ ರೆಕಾರ್ಡರ್ ಹೊರತೆಗೆದು, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಹತ್ತಿ, ಹೆಡ್‌ಫೋನನ್ನು ಡ್ರೈವರನ ರುಮಾಲಿನ ಮೇಲೆಯೇ ಕಿವಿಗೆ ಕೂರಿಸುತ್ತಾಳೆ.

"ನೀವ ಕೇಳ್ರಿ."